ಪಾಸ್‌ವರ್ಡ್ ಸರಿ ಇದೆ, ಆದರೂ ಕಂಪ್ಯೂಟರ್ ಒಳಗೆ ಬಿಡುತ್ತಿಲ್ಲ. ನಿಮಗೆ ಹೀಗಾಗಿತ್ತಾ?

ಡಿಟಿಪಿ ಅಂಗಡಿಯವರು, ತಿಪಟೂರು:
ನಿನ್ನೆ ಕೆಲಸದ ಮಧ್ಯೆ ಕರೆಂಟ್ ಹೋಯಿತು, ಯುಪಿಎಸ್ ಕೂಡ ಕೈಕೊಟ್ಟಿತು. ಆಮೇಲೆ ಪಾಸ್‌ವರ್ಡ್ ಹಾಕಿದರೆ ‘ಯೂಸರ್ ಪ್ರೊಫೈಲ್ ಕೆನಾಟ್ ಬಿ ಲೋಡೆಡ್’ ಎಂದು ಬಂದು, ಮತ್ತೆ ಅದೇ ಪರದೆಗೆ ವಾಪಸ್. ವಿಂಡೋಸ್ 10 ಇದೆ. ಆರು ವರ್ಷದ ಲಗ್ನಪತ್ರಿಕೆ, ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಗಿರಾಕಿಗಳ ಫೈಲು ಎಲ್ಲಾ ಅದರಲ್ಲೇ ಇವೆ. ನೋಡಿದವರೊಬ್ಬರು ಎಲ್ಲಾ ಅಳಿಸಿ ಫಾರ್ಮ್ಯಾಟ್ ಮಾಡಲೇಬೇಕು ಅಂದರು. ಬೇರೆ ದಾರಿ ಇದೆಯಾ?

ಹೈಸ್ಕೂಲ್ ಮೇಷ್ಟ್ರು:
ದಯವಿಟ್ಟು ಫಾರ್ಮ್ಯಾಟ್ ಬೇಡ ಸರ್. ನಿಮ್ಮ ಫೈಲುಗಳು ಎಲ್ಲೂ ಹೋಗಿರಲಿಕ್ಕಿಲ್ಲ. ಪ್ರೊಫೈಲ್ ಅಂದರೆ ಬಳಕೆದಾರರ ಫೋಲ್ಡರ್, ಸೆಟ್ಟಿಂಗ್ ಎಲ್ಲ ಸೇರಿದ್ದು. ಪ್ರತಿ ಬಳಕೆದಾರರ ಫೋಲ್ಡರಿನಲ್ಲೂ ‘ಎನ್‌ಟಿಯೂಸರ್.ಡ್ಯಾಟ್’ ಎಂಬ ಅಡಗಿದ ಫೈಲ್ ಇರುತ್ತದೆ. ನಮ್ಮ ಸೆಟ್ಟಿಂಗ್‌ಗಳೆಲ್ಲ ಅದರಲ್ಲಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಅದು ಕೆಡಬಹುದು, ಇಲ್ಲವೇ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ದಾಖಲೆಯಲ್ಲಿ, ಪ್ರೊಫೈಲಿನ ವಿಳಾಸ ತಪ್ಪಬಹುದು. ನನಗೆ ಎರಡನೆಯದು ಆಗಿತ್ತು, ಅದೂ ಎಸ್ಸೆಸ್ಸೆಲ್ಸಿ ಅಂಕಗಳ ಕೆಲಸದ ವಾರದಲ್ಲಿ. ಎರಡು ರಾತ್ರಿ ನಿದ್ದೆ ಇಲ್ಲ.

ನಾನು ಮಾಡಿದ್ದು ಇಷ್ಟು. ಲಾಗಿನ್ ಪರದೆಯಲ್ಲೇ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ಮತ್ತೆ ರೀಸ್ಟಾರ್ಟ್, ಆಮೇಲೆ 4 ಒತ್ತಿದರೆ ಸೇಫ್ ಮೋಡ್, ಅಂದರೆ ಅತ್ಯಗತ್ಯವಾದಷ್ಟೇ ಚಾಲೂ ಆಗುವ ವಿಂಡೋಸ್. ಅಲ್ಲಿ ಅದೇ ಕಂಪ್ಯೂಟರಿನಲ್ಲಿದ್ದ ಮನೆಯವರ ಅಡ್ಮಿನ್ (ಪೂರ್ಣ ಅಧಿಕಾರದ) ಖಾತೆಯಿಂದ ಒಳಗೆ ಹೋದೆ. ಮೊದಲ ಕೆಲಸ ಅಂದರೆ, ಸಿ ಡ್ರೈವಿನ ಯೂಸರ್ಸ್ ಒಳಗಿನ ನನ್ನ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಕೊಂಡೆ. ಇದಾಗುವವರೆಗೆ ಬೇರೇನನ್ನೂ ಮುಟ್ಟಬೇಡಿ.

ಆಮೇಲೆ ರಿಜಿಸ್ಟ್ರಿ ಎಡಿಟರ್ ತೆರೆದು, ಒಂದರೊಳಗೊಂದು ಈ ದಾರಿಯಲ್ಲಿ ಹೋಗಬೇಕು: ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್‌ವರ್ಷನ್, ಪ್ರೊಫೈಲ್‌ಲಿಸ್ಟ್. ಇದನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ಇಟ್ಟುಕೊಳ್ಳಿ. ‘ಎಸ್-1-5-21’ ಎಂದು ಶುರುವಾಗುವ ಉದ್ದದ ಹೆಸರುಗಳು ಕಾಣುತ್ತವೆ. ಒಂದೇ ಹೆಸರು ಎರಡು ಸಲ ಇದ್ದು, ಒಂದರ ಬಾಲದಲ್ಲಿ ‘.ಬಿಎಕೆ’ ಇದ್ದರೆ ರೋಗ ಸಿಕ್ಕಿತು ಅಂತಲೇ ಲೆಕ್ಕ. ‘ಪ್ರೊಫೈಲ್‌ಇಮೇಜ್‌ಪಾತ್’ ನೋಡಿ, ಯಾವುದರಲ್ಲಿ ನಿಮ್ಮ ಫೋಲ್ಡರಿನ ಹೆಸರಿದೆ ಎಂದು ಖಚಿತ ಮಾಡಿಕೊಳ್ಳಿ. ಸಾಮಾನ್ಯವಾಗಿ ಬಾಲ ಇರುವುದೇ ಅಸಲಿ. ಬಾಲ ಇಲ್ಲದ್ದಕ್ಕೆ ಬೇರೆ ಹೆಸರು ಕೊಟ್ಟು, ಅಸಲಿಯ ಬಾಲ ತೆಗೆಯಿರಿ. ಅದರಲ್ಲಿ ‘ಸ್ಟೇಟ್’, ‘ರೆಫ್‌ಕೌಂಟ್’ ಇದ್ದರೆ ಎರಡನ್ನೂ 0 ಮಾಡಿ ರೀಸ್ಟಾರ್ಟ್ ಕೊಡಿ. ನನ್ನದು ಆ ಕ್ಷಣವೇ ತೆರೆದುಕೊಂಡಿತು.

ಪಿಎಚ್‌ಡಿ ವಿದ್ಯಾರ್ಥಿನಿ:
ಒಂದು ಎಚ್ಚರಿಕೆ ಸೇರಿಸುತ್ತೇನೆ. ಕೆಲವೊಮ್ಮೆ ಲಾಗಿನ್ ಆಗುತ್ತದೆ, ಆದರೆ ಡೆಸ್ಕ್‌ಟಾಪ್ ಖಾಲಿ ಖಾಲಿ. ಅದು ತಾತ್ಕಾಲಿಕ ಪ್ರೊಫೈಲ್. ಅಲ್ಲಿ ಡೆಸ್ಕ್‌ಟಾಪಿನಲ್ಲೋ ಡಾಕ್ಯುಮೆಂಟ್ಸ್‌ನಲ್ಲೋ ಉಳಿಸಿದ್ದು ಸೈನ್ ಔಟ್ ಆದಾಗ ಅಳಿಸಿಹೋಗುತ್ತದೆ. ನಾನು ಗೊತ್ತಿಲ್ಲದೆ ಇಡೀ ದಿನ ಕೂತು ಒಂದು ಅಧ್ಯಾಯ ಬರೆದೆ. ಮರುದಿನ ಒಂದು ಸಾಲೂ ಇರಲಿಲ್ಲ. ಹಾಗೆ ಬಂದರೆ ಏನೂ ಬರೆಯಬೇಡಿ ಅಣ್ಣಾ.

ರಿಪೇರಿ ಕೆಲಸದವನು:
ಮೇಷ್ಟ್ರು ಹೇಳಿದ್ದು ಸರಿಯಾದ ಕ್ರಮ. ಕಾಪಿ ಮಾಡುವಾಗ ಪದೇ ಪದೇ ನಿಂತರೆ ಡಿಸ್ಕೇ ಸಾಯುತ್ತಿರಬಹುದು. ಆಗ ಅಲ್ಲಿಗೇ ನಿಲ್ಲಿಸಿ, ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಡೇಟಾ ತೆಗೆಸಿ. ಡಿಸ್ಕಿನ ದೋಷ ಹುಡುಕಿ ಸರಿಮಾಡುವ ‘ಚೆಕ್‌ಡಿಸ್ಕ್’ ಏನಿದ್ದರೂ ಆಮೇಲೆ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಇದ್ದರೆ 48 ಅಂಕಿಯ ರಿಕವರಿ ಕೀ ಮೊದಲೇ ಹುಡುಕಿಟ್ಟುಕೊಳ್ಳಿ.

‘.ಬಿಎಕೆ’ ಸರಿಮಾಡಿದರೂ ಆಗದಿದ್ದರೆ ಆ ಪ್ರೊಫೈಲನ್ನು ಬಿಟ್ಟುಬಿಡಿ. ಹೊಸ ಖಾತೆ ಮಾಡಿ, ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಪಿಕ್ಚರ್ಸ್ ಅಷ್ಟೇ ತನ್ನಿ. ಎನ್‌ಟಿಯೂಸರ್ ಹೆಸರಿನ ಫೈಲುಗಳನ್ನು ತರಬೇಡಿ, ಅವು ಬಂದರೆ ಕಾಯಿಲೆಯೂ ಬರುತ್ತದೆ. ಇನ್ನೊಂದು ವಿಷಯ. ನುಡಿ ಫಾಂಟನ್ನು ನಿಮ್ಮ ಖಾತೆಗೆ ಮಾತ್ರ ಹಾಕಿಕೊಂಡಿದ್ದರೆ ಹೊಸ ಖಾತೆಯಲ್ಲಿ ಪತ್ರಿಕೆಗಳೆಲ್ಲ ಗೋಜಲು ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಗಾಬರಿ ಬೇಡ. ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಕೊಟ್ಟು ಫಾಂಟ್ ಹಾಕಿ.

ಡಿಟಿಪಿ ಅಂಗಡಿಯವರು:
ಎಲ್ಲರಿಗೂ ಕೈಮುಗಿಯುತ್ತೇನೆ. ತಮ್ಮನ ಖಾತೆ ಅಡ್ಮಿನ್ ಆಗಿತ್ತು, ಅದರಿಂದ ಒಳಗೆ ಹೋದೆ. ಕಾಪಿಗೆ ಮೂರು ಗಂಟೆ ಹಿಡಿಯಿತು. ‘.ಬಿಎಕೆ’ ಇತ್ತು, ಸರಿಮಾಡಿದೆ, ಆದರೂ ಆಗಲಿಲ್ಲ. ಕೊನೆಗೆ ಹೊಸ ಖಾತೆಯೇ ಗತಿಯಾಯಿತು. ಫಾಂಟ್ ಹಾಕುವವರೆಗೆ ಪತ್ರಿಕೆಗಳು ಹೇಳಿದ ಹಾಗೇ ಗೋಜಲಾಗಿದ್ದವು. ಈಗ ಪ್ರತಿಯೊಂದೂ ತೆರೆಯುತ್ತಿದೆ. ನಾಳೆ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸುತ್ತೇನೆ.