ಸಹಾಯ ಬೇಕು: ಅವಧಿಗೆ ಮುಂಚೆ ಮಗು ಹುಟ್ಟಿದ ಮೇಲೆ ನಮ್ಮಿಬ್ಬರ ಮಾತೇ ನಿಂತಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು 30 ವಾರಕ್ಕೇ ಹುಟ್ಟಿದಳು, ತೂಕ 1.3 ಕೆಜಿ. ಎನ್‌ಐಸಿಯುನಿಂದ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಮನೆಗೆ ಬಂದಿದ್ದಾಳೆ, ಕಣ್ಣಿನ ಆರ್‌ಒಪಿ (ಬೇಗ ಹುಟ್ಟಿದ ಮಕ್ಕಳಿಗೆ ಬರಬಹುದಾದ ರೆಟಿನಾ ತೊಂದರೆ) ತಪಾಸಣೆಯೂ ಸರಿ ಬಂದಿದೆ. ನಾನು ಕೇಳಬೇಕಿರೋದು ನಮ್ಮಿಬ್ಬರ ಬಗ್ಗೆ.

ನಾನು ಬಾಣಂತನಕ್ಕೆ ದಾವಣಗೆರೆಯ ತವರಲ್ಲಿದ್ದೀನಿ, ಯಜಮಾನರು ಬೆಂಗಳೂರಲ್ಲಿ. ಫೋನ್ ಮಾಡಿದರೆ "ಎಷ್ಟು ಎಂಎಲ್ ಕುಡಿದಳು, ತೂಕ ಎಷ್ಟಾಯ್ತು", ಅಷ್ಟೇ. ನಾನು ಅತ್ತರೆ ಫೋನ್ ಇಟ್ಟುಬಿಡ್ತಾರೆ. ಆಸ್ಪತ್ರೆಗೆ ಮಾಡಿದ ಸಾಲದ ಚಿಂತೆ ಅವರಿಗಿದೆ, ಗೊತ್ತು. ನನಗೋ ನಿದ್ದೆಯಿಲ್ಲ, ಉಸಿರಾಡ್ತಿದ್ದಾಳಾ ಅಂತ ರಾತ್ರಿಯೆಲ್ಲ ಮಗು ಎದೆ ಮೇಲೆ ಕೈಯಿಟ್ಟು ನೋಡ್ತಿರ್ತೀನಿ.

ಅವರು ಬಂದಾಗಲೂ ಮಗುವನ್ನು ಎತ್ತಿಕೊಳ್ಳೋಕೆ ಹೆದರ್ತಾರೆ. ಕಾಂಗರೂ ಆರೈಕೆ ಅಪ್ಪನೂ ಮಾಡಬಹುದು, ಬರಿ ಎದೆಗೆ ಮಗುವನ್ನು ಒರಗಿಸಿಕೊಂಡು ಮೇಲೆ ಬಟ್ಟೆ ಹೊದಿಸಿ ಅಂತ ನರ್ಸ್ ತೋರಿಸಿದ್ದರು. ಮನೆಯಲ್ಲಿ ಹಿರಿಯರು "ಗಂಡಸರಿಗೆ ಯಾಕೆ ಅದೆಲ್ಲ" ಅಂತಾರೆ. ನನಗಂತೂ ಅದು ಒಪ್ಪಿಗೆಯಿಲ್ಲ. ಹೀಗೆ ದೂರ ಇಟ್ಟರೆ ಅವರಿಗೆ ಮಗಳು ಹತ್ತಿರ ಆಗೋದು ಯಾವಾಗ?

ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ, ಮತ್ತೆ ಮಾತು ಹೇಗೆ ಶುರು ಮಾಡಿದಿರಿ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಗಂಡ ಹೆಂಡತಿ ಇಬ್ಬರೂ ಸೇರಿ ಮಾತಾಡಿದವರು ಇದ್ದೀರಾ? ಅಪ್ಪಂದಿರೂ ಬರೀರಿ, ಅವರಿಗೆ ಓದಿಸ್ತೀನಿ.