‘ಮಾನವ ಸ್ವಭಾವ’ದಲ್ಲಿರುವ ‘ಸ್ವ’ದ ತೊಡಕು

ಮಾನ್ಯರೇ,

ಬಸವನಗುಡಿಯಲ್ಲಿ ನಾವು ಕೆಲವರು ತಿಂಗಳಿಗೊಮ್ಮೆ ಸೇರಿ ಓದುವಾಗ, ಜರ್ಮನ್ ತತ್ತ್ವಜ್ಞಾನಿ ಫಾಯರ್‌ಬಾಖ್ ಕುರಿತು ಕಾರ್ಲ್ ಮಾರ್ಕ್ಸ್ 1845ರಲ್ಲಿ ಬರೆದಿಟ್ಟ ಹನ್ನೊಂದು ಟಿಪ್ಪಣಿಗಳಲ್ಲಿ ಆರನೆಯದನ್ನು ಕನ್ನಡಿಸಲು ಹೊರಟು ಒಂದೇ ಪದಕ್ಕೆ ಎರಡು ಗಂಟೆ ಹಿಡಿಯಿತು. ಮೂಲದ ಜರ್ಮನ್ ಪದ ‘ವೇಸೆನ್’. ಅದಕ್ಕೆ ಸಾರ ಎಂಬ ಅರ್ಥವೂ ಉಂಟು, ಜೀವಿ ಎಂಬ ಅರ್ಥವೂ ಉಂಟು. ನನ್ನ ಕರಡು ಹೀಗಿತ್ತು: ‘ಮಾನವ ಸ್ವಭಾವವು ಒಬ್ಬೊಬ್ಬ ವ್ಯಕ್ತಿಯೊಳಗೂ ನೆಲೆಸಿರುವ ಅಮೂರ್ತ ಸಂಗತಿಯಲ್ಲ, ವಾಸ್ತವದಲ್ಲಿ ಅದು ಸಾಮಾಜಿಕ ಸಂಬಂಧಗಳ ಒಟ್ಟು ಮೊತ್ತ.’

ಈ ‘ಸ್ವಭಾವ’ ಸಲ್ಲದೆಂದು ಈಗ ನನಗೇ ಅನ್ನಿಸುತ್ತಿದೆ. ಪದದ ತಲೆಯಲ್ಲೇ ‘ಸ್ವ’ ಕುಳಿತಿದೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದು ಕೇಳಿ ಬೆಳೆದ ಕಿವಿಗೆ ಸ್ವಭಾವವೆಂದರೆ ಅವರವರ ಒಳಗೇ ಇರುವಂಥದ್ದು. ಹಾಗಲ್ಲವೆಂದು ಹೇಳಹೊರಟ ವಾಕ್ಯ ಮೊದಲ ಹೆಜ್ಜೆಯಲ್ಲೇ ತನ್ನ ವಾದವನ್ನು ಬಿಟ್ಟುಕೊಡುತ್ತದೆ. ‘ತಿರುಳು’ ಎಂದರೂ ಸಿಪ್ಪೆಯೊಳಗಿನದೆಂಬ ಅದೇ ಚಿತ್ರ. ‘ಮನುಷ್ಯತ್ವ’ವಂತೂ ಬೈಗುಳದಲ್ಲಿ ಕರುಣೆಯ ಹೆಸರಾಗಿಬಿಟ್ಟಿದೆ. ‘ಸಾರ’ ಎಂದು ಓದಿದಾಗ ಒಬ್ಬರು ಅಡುಗೆಮನೆಯತ್ತ ನೋಡಿ ನಕ್ಕರು. ಆದರೂ ಇರುವುದರಲ್ಲಿ ಅದೇ ವಾಸಿ.

ಹಾಗೆಂದು ‘ಸ್ವಭಾವ’ವನ್ನು ಪೂರ್ತಿ ಹೊರಗಟ್ಟುವಂತಿಲ್ಲ. ತನ್ನ ‘ಬಂಡವಾಳ’ ಗ್ರಂಥದ ಮೊದಲ ಸಂಪುಟದಲ್ಲಿ ಇಂಗ್ಲಿಷ್ ಚಿಂತಕ ಬೆಂಥಾಮನನ್ನು ಗೇಲಿ ಮಾಡುವ ಅಡಿಟಿಪ್ಪಣಿಯಲ್ಲಿ ಮಾರ್ಕ್ಸ್ ಬಳಸುವ ಪದ ‘ವೇಸೆನ್’ ಅಲ್ಲ, ‘ನಾಟೂರ್’, ಅಂದರೆ ಪ್ರಕೃತಿ, ಸ್ವಭಾವ. ಮನುಷ್ಯನ ಸಾಮಾನ್ಯ ಸ್ವಭಾವವನ್ನೂ ಆಯಾ ಯುಗದಲ್ಲಿ ಅದು ತಾಳುವ ರೂಪವನ್ನೂ ಪರಿಶೀಲಿಸಬೇಕೆಂಬುದು ಅಲ್ಲಿನ ಮಾತು. ಅಲ್ಲಿ ‘ಸ್ವಭಾವ’ವೇ ಒಪ್ಪುತ್ತದೆ. ಎರಡಕ್ಕೂ ಒಂದೇ ಪದ ಹಾಕಿದರೆ, ಮೊದಲು ಅಲ್ಲಗಳೆದದ್ದನ್ನೇ ಆಮೇಲೆ ಒಪ್ಪಿಕೊಂಡನೆಂದು ಕನ್ನಡದ ಓದುಗರು ತಿಳಿದಾರು.

‘ಒಟ್ಟು ಮೊತ್ತ’ದಲ್ಲಿ ದಿನಸಿ ಚೀಟಿಯ ವಾಸನೆಯಿದೆ. ಮಾರ್ಕ್ಸ್ ಜರ್ಮನ್ ವಾಕ್ಯದ ನಡುವೆ ಒಟ್ಟಾಗಿ ಕೂಡಿದ್ದು ಎಂಬರ್ಥದ ಫ್ರೆಂಚಿನ ‘ಆನ್ಸಾಂಬ್ಲ್’ ಇಟ್ಟಿದ್ದಾನೆ. ನಮ್ಮ ‘ಮೇಳ’ ಹತ್ತಿರ ಬರುತ್ತದೆ. ಆದರೆ ಮೇಳದಲ್ಲಿ ಶ್ರುತಿ ಕೂಡಬೇಕು, ಧಣಿಗೂ ಕೂಲಿಗೂ ಇರುವ ಸಂಬಂಧದಲ್ಲಿ ಅದು ಕೂಡುವುದಿಲ್ಲ. ‘ಸಂಬಂಧಗಳ ಹೆಣಿಗೆ’ ಎನ್ನಬಹುದೇ?

ಇನ್ನೊಂದು ಸಂದೇಹ. 1960ರ ದಶಕದಲ್ಲಿ ಫ್ರಾನ್ಸಿನ ಮಾರ್ಕ್ಸ್‌ವಾದಿ ತತ್ತ್ವಜ್ಞಾನಿ ಅಲ್ತೂಸರ್ ಮಂಡಿಸಿದ ನಿಲುವನ್ನು ನಾನು ‘ಸೈದ್ಧಾಂತಿಕ ಮಾನವತಾ ವಿರೋಧ’ ಎಂದು ಬರೆದಿದ್ದೆ. ಕರಡು ತಿದ್ದಿದವರು ಅಂಚಿನಲ್ಲಿ ‘ಇಷ್ಟು ಕ್ರೂರಿಯೇ?’ ಎಂದು ಗೀಚಿದ್ದರು. ಸಮಾಜದ ವಿವರಣೆಯನ್ನು ಮನುಷ್ಯ ಸಾರದಿಂದ ಆರಂಭಿಸಬಾರದೆಂಬುದಷ್ಟೇ ಅವನ ವಾದ. ಮಾನವೀಯತೆಯ ಮೇಲೆ ಅವನಿಗೆ ಹಗೆಯಿಲ್ಲ. ‘ವಾದ’ವನ್ನು ಉಳಿಸಿಕೊಂಡು ‘ಮಾನವತಾವಾದದ ನಿರಾಕರಣೆ’ ಎಂದರೆ ಈ ಅಪಾರ್ಥ ತಪ್ಪೀತೇ, ಅಥವಾ ಇದಕ್ಕಾಗಲೇ ಬಳಕೆಯಲ್ಲಿರುವ ಬೇರೆ ಪದವಿದೆಯೇ?