ಮುಗುಡು, ಮುಷಿ, ಮುರುಗೋಡು: ಮೂರೂ ಒಂದೇ ಮೀನೇ?

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಗದ್ದೆ, ತೋಡು (ಸಣ್ಣ ಹೊಳೆ), ಪಳ್ಳಗಳ (ಕೆರೆಕುಂಟೆಗಳ) ಜೀವಿಗಳದ್ದೊಂದು ಪಟ್ಟಿ ಮಾಡುತ್ತಿದ್ದೇನೆ. ಕಪ್ಪೆ, ಏಡಿ, ಆಮೆಗಳಿಗೆ ಹೆಸರು ಹುಡುಕಬೇಕಾಗಲಿಲ್ಲ. ತೊಡಕಾದದ್ದು ಮುಗುಡಿನಲ್ಲಿ.

ನಮ್ಮಲ್ಲಿ ತುಳು ಮನೆಮಾತಿನವರಿಗೂ ಕನ್ನಡದವರಿಗೂ ಇದು ಮುಗುಡು. ಮಲಯಾಳದಲ್ಲಿ ಮುಷಿ. ಪುಸ್ತಕಗಳಲ್ಲಿ ಮುರುಗೋಡು, ಹಾಲಿಮೀನು, ಆನೆಮೀನು ಎಂದೆಲ್ಲ ಕಾಣುತ್ತದೆ. ಈಚಿನ ಬರಹಗಳಲ್ಲಂತೂ ಮೀಸೆಯಿರುವ ಮೀನುಗಳೆಲ್ಲ ಬೆಕ್ಕುಮೀನೇ. ಮಕ್ಕಳು ಮುಗುಡು ಎಂದು ಬರೆದದ್ದನ್ನು ಹೊಡೆದು ಬೆಕ್ಕುಮೀನು ಎಂದು ತಿದ್ದಲು ನನಗೆ ಮನಸ್ಸಿಲ್ಲ.

ಯಾವ ಮೀನಿನ ಮಾತು ಎಂಬುದು ಸ್ಪಷ್ಟವಿರಲಿ. ಹುರುಪೆಯಿಲ್ಲದ, ಲೋಳೆಲೋಳೆಯಾದ ಕಪ್ಪು ಮೈ, ಚಪ್ಪಟೆ ತಲೆ, ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆ. ಬೆನ್ನಿನ ರೆಕ್ಕೆ ತಲೆಯ ಹಿಂದಿನಿಂದ ಬಾಲದ ಹತ್ತಿರದವರೆಗೂ ಒಂದೇ ಉದ್ದಕ್ಕೆ ಇದೆ. ವಿಜ್ಞಾನದಲ್ಲಿ ಕ್ಲಾರಿಯಾಸ್ ದುಸ್ಸುಮಿಯೇರಿ, 1840ರಲ್ಲಿ ದಾಖಲಾದ, ಪಶ್ಚಿಮ ಘಟ್ಟದ ನದಿಗಳ ಮೀನು. ಕಿವಿರಿನ ಮೇಲುಗಡೆ ಗಾಳಿಯನ್ನೇ ಉಸಿರಾಡುವ, ಕವಲು ಕವಲಾದ ಒಂದು ಅಂಗವಿದೆ. ಹಾಗಾಗಿ ಬೇಸಿಗೆಯಲ್ಲಿ ಪಳ್ಳ ಬತ್ತಿ ಕೆಸರಷ್ಟೇ ಉಳಿದರೂ ಆಗಾಗ ಮೇಲೆ ಬಂದು ಗಾಳಿ ನುಂಗಿ ಬದುಕಿಕೊಳ್ಳುತ್ತದೆ.

ಬೆನ್ನಿನ ರೆಕ್ಕೆ ಗಿಡ್ಡವಾಗಿದ್ದರೆ ಅದು ಮುಗುಡಲ್ಲ, ಚೇಳುಮೀನು, ಮಲಯಾಳದ ಕಾರಿ. ಅದರ ಎದೆರೆಕ್ಕೆಯ ಮುಳ್ಳಿನಲ್ಲಿ ವಿಷವಿದೆ, ಚುಚ್ಚಿದರೆ ಕೈ ಉರಿದುಹೋಗುತ್ತದೆ. ಮಕ್ಕಳ ಪುಸ್ತಕದಲ್ಲಿ ಎರಡಕ್ಕೂ ಬೆಕ್ಕುಮೀನು ಎಂದರೆ ಹೇಗೆ?

ಮುಂಗಾರಿನ ಮೊದಲ ಜೋರು ಮಳೆಗೆ ತೋಡು ಕೆಂಪಗೆ ತುಂಬಿ ಗದ್ದೆಗೆ ಹರಿದಾಗ ಮೊಟ್ಟೆಯಿಡಲು ಮೀನುಗಳು ಮೇಲೇರಿ ಬರುತ್ತವಲ್ಲ, ಅವುಗಳಲ್ಲಿ ಮುಗುಡೂ ಉಂಟು. ಹೀಗೆ ಮೇಲೇರಿ ಬರುವ ಮೀನುಗಳೆಲ್ಲ ತುಳುವಿನವರಿಗೆ ಉಬರ್ ಮೀನು, ಮಲಯಾಳದವರಿಗೆ ಊತ್ತ, ಮಲೆನಾಡಿನವರಿಗೆ ಹತ್ತುಮೀನು. ರಾತ್ರಿ ಟಾರ್ಚು, ಕತ್ತಿ ಹಿಡಿದು ಗದ್ದೆಗಿಳಿಯುವ ರೂಢಿ ಹಳೆಯದು. ಆದರೆ ಬಸುರಿ ಮೀನನ್ನೇ ಕಡಿದರೆ ಸಂತತಿ ಉಳಿಯುವುದೆಲ್ಲಿ? ಕೇರಳದ 2010ರ ಒಳನಾಡು ಮೀನುಗಾರಿಕೆ ಕಾಯ್ದೆಯಂತೆ ಇದು ಅಪರಾಧ. ಗದ್ದೆಗಳು ತೋಟವಾಗಿ, ತೋಟಗಳು ಸೈಟುಗಳಾಗಿ ಮೊಟ್ಟೆಯಿಡುವ ಜಾಗವೂ ಕಿರಿದಾಗುತ್ತಿದೆ.

ಹೆಸರಿನ ಗೊಂದಲ ನಿಜಕ್ಕೂ ತೊಂದರೆ ಕೊಡುವುದು ಇನ್ನೊಂದು ಕಡೆ. ಆಫ್ರಿಕಾದಿಂದ ಬಂದ ಭಾರೀ ಗಾತ್ರದ ಕ್ಲಾರಿಯಾಸ್ ಗರಿಯಪೈನಸ್ ಸಾಕಣೆಗೆ 2000ದಿಂದ ದೇಶದಲ್ಲಿ ನಿಷೇಧವಿದೆ. ಹೊಳೆಗೆ ಸೇರಿದರೆ ನಾಡಿನ ಸಣ್ಣ ಮೀನುಗಳನ್ನು ತಿಂದು ಮುಗಿಸುತ್ತದೆ. ‘ಬೆಕ್ಕುಮೀನು ನಿಷೇಧ’ ಎಂದು ಓದಿದವರು ಪಾಪದ ಮುಗುಡನ್ನೂ ಅದರ ಜೊತೆ ಸೇರಿಸುತ್ತಾರೆ. ಮಲಯಾಳದವರು ಆಫ್ರಿಕನ್ ಮುಷಿ, ನಾಡನ್ ಮುಷಿ ಎಂದು ಬೇರ್ಪಡಿಸಿ ಹೇಳುತ್ತಾರೆ. ನಾವೂ ಆಫ್ರಿಕನ್ ಮುಗುಡು, ನಾಡ ಮುಗುಡು ಎನ್ನಬಹುದು ಎಂಬುದು ನನ್ನ ಅಭಿಪ್ರಾಯ.

ಬಲ್ಲವರಲ್ಲಿ ಕೇಳುವುದಿಷ್ಟು. ಸುಳ್ಯ, ಪುತ್ತೂರು, ಕುಂದಾಪುರದ ಕಡೆ ಮುಗುಡು ಎಂದರೆ ಇದೇ ಮೀನೇ? ಘಟ್ಟದ ಮೇಲೆ ಮುರುಗೋಡು ಎಂದು ಈಗಲೂ ಆಡುಮಾತಿನಲ್ಲಿದೆಯೇ, ಅಥವಾ ಪುಸ್ತಕದಲ್ಲಷ್ಟೇ ಉಳಿದಿದೆಯೇ? ಇನ್ನು ಹರಿಯುವ ನೀರಿನಲ್ಲಿ ಸಿಗುವ, ಕವಲು ಬಾಲದ, ಉದ್ದ ಮೀಸೆಯ ಪುಟ್ಟ ಮೀನಿಗೆ ಮಲಯಾಳದಲ್ಲಿ ಕೂರಿ ಎನ್ನುತ್ತಾರೆ. ಕೆಲವೆಡೆ ಕನ್ನಡದಲ್ಲಿ ಗಿರ್ಲು ಎಂದಿದೆ. ನಿಮ್ಮೂರಿನಲ್ಲಿ ಅದಕ್ಕೆ ಏನೆನ್ನುತ್ತಾರೆ? ಉತ್ತರಿಸುವಾಗ ಊರಿನ ಹೆಸರನ್ನೂ ಬರೆಯಿರಿ. ಬೆನ್ನಿನ ರೆಕ್ಕೆ ಉದ್ದವೋ ಗಿಡ್ಡವೋ ಎಂಬುದನ್ನೂ ತಿಳಿಸಿದರೆ ಯಾವ ಮೀನೆಂದು ಗೊತ್ತುಮಾಡಿಕೊಳ್ಳಲು ಸುಲಭ.